ನಾಲ್ಕು ವಾಕ್ಯದ ವರದಿ

ಹೊಂಗೆ ಮರದ ಕೆಳಗೆ ಕೂತಿರುವವಳು ಅಂಜಲಿಯೇ, ಅವಳ ಪಕ್ಕದಲ್ಲಿರುವ ಹೆಂಗಸು ತಾಯಿಯೇ ಇರಬೇಕು ಎಂದು ಖಚಿತವಾದ ಮೇಲೂ ರೇವಣಸಿದ್ದಪ್ಪ ಪಾಠ ನಿಲ್ಲಿಸಲಿಲ್ಲ. ಕಿಟಕಿಯ ಕಡೆ ಬೆನ್ನು ಮಾಡಿ ನಿಂತ, ಅಷ್ಟೆ. ಬೋರ್ಡಿನ ಮೇಲೆ ಆಗಲೇ ಮೂರು ಇಂಗ್ಲಿಷ್ ಪದಗಳನ್ನು ಒಂದರ ಕೆಳಗೊಂದು ಬರೆದಿದ್ದ. ಇಂಪ್ಲೈ, ಹಿಂಟ್, ಇನ್ಸಿನ್ಯುಯೇಟ್. ಮೂರೂ ಬಾಯಿಬಿಟ್ಟು ಹೇಳದೆ ಹೇಳುವ ಬಗೆಗಳೇ; ಮೊದಲನೆಯದರಲ್ಲಿ ಕೆಡುಕಿಲ್ಲ, ಎರಡನೆಯದರಲ್ಲಿ ತುಸು ಆಟವಿದೆ, ಮೂರನೆಯದರಲ್ಲಿ ವಿಷವಿದೆ ಎಂದು ಹೊಸದುರ್ಗದ ಈ ಕಾಲೇಜಿನಲ್ಲಿ ಇಪ್ಪತ್ತಾರು ವರ್ಷಗಳಿಂದ ಹೇಳಿಕೊಂಡು ಬಂದ ಹಾಗೆ ಇವತ್ತೂ ಹೇಳಿದ. ಆಷಾಢದ ಗಾಳಿಗೆ ಕಿಟಕಿಯ ಬಾಗಿಲು ಬಡಿದುಕೊಳ್ಳುತ್ತಿತ್ತು. ಪ್ರತಿ ಸಲ ಬಡಿದಾಗಲೂ ಯಾರೋ ಕರೆದಂತಾಗಿ ಅವನ ಕತ್ತು ಅರ್ಧ ತಿರುಗಿ ಮತ್ತೆ ಬೋರ್ಡಿಗೇ ಬರುತ್ತಿತ್ತು.

"ಸಾರ್, ಮೂರನೇದಕ್ಕೆ ಕನ್ನಡದಾಗೆ ಏನಂತಾರೆ ಸಾರ್?" ಮುಂದಿನ ಬೆಂಚಿನ ರೇಣುಕಾ ಕೇಳಿದಳು.

"ಕನ್ನಡದಲ್ಲಿ ಅದಕ್ಕೆ ಸರಿಯಾದ ಪದ ಇಲ್ಲಮ್ಮ."

"ಕೊಂಕು ಅಂತಾರಲ್ಲ ಸಾರ್. ಅವಳ ಮಾತಿನಾಗೆ ಕೊಂಕು ಐತೆ ಅಂತ ನಮ್ಮಜ್ಜಿ ಅಂತಿರ್ತೈತೆ."

"ಕೊಂಕು ಬೇರೆ. ಕೊಂಕು ಆಡಿದರೆ ಎದುರಿಗಿರೋರಿಗೆ ತಕ್ಷಣ ಗೊತ್ತಾಗುತ್ತೆ, ಜಗಳಕ್ಕೇ ಬರ್ತಾರೆ. ಇದರಲ್ಲಿ ಹಂಗಲ್ಲ. ಆಡಿದವನನ್ನ ಹಿಡಿಯೋಕೆ ಆಗಲ್ಲ."

ಹುಡುಗರು ನಕ್ಕರು. ತಾನು ಹೇಳಿದ್ದು ಅವನಿಗೆ ಆಮೇಲೆ ಕೇಳಿಸಿತು. ಸೀಮೆಸುಣ್ಣ ಹಿಡಿದ ಬೆರಳು ಬೆವೆತು ಸುಣ್ಣ ಅಂಟಿಕೊಂಡಿತ್ತು. ಅವಳು ಯಾಕೆ ಬಂದಿದ್ದಾಳೆ? ಸರ್ಟಿಫಿಕೇಟು ವಾಪಸು ತೆಗೆದುಕೊಂಡು ಹೋಗಲು ಬಂದಿದ್ದರೆ ಆಫೀಸಿನ ಮುಂದೆ ನಿಲ್ಲಬೇಕಿತ್ತು. ಹೊಂಗೆ ಮರದ ಕೆಳಗೆ ಕೂತರೆ ಅವನು ಪಾಠ ಮುಗಿಸಿ ಸ್ಟಾಫ್ ರೂಮಿಗೆ ಹೋಗುವ ದಾರಿಯಲ್ಲೇ ಕೂತ ಹಾಗೆ. ಎರಡು ವರ್ಷ ಇದೇ ವಿಭಾಗದಲ್ಲಿ ತಾತ್ಕಾಲಿಕ ಉಪನ್ಯಾಸಕಿಯಾಗಿದ್ದವಳು, ರಾಮಗಿರಿಯಲ್ಲಿ ಕೂಲಿ ಮಾಡುವವರ ಮನೆಯ ಹುಡುಗಿ, ಅವನ ಪುಸ್ತಕಗಳನ್ನು ಎರವಲು ಕೇಳುವಾಗ ಎರಡೂ ಕೈ ಚಾಚುತ್ತಿದ್ದವಳು. ಈ ಜೂನಿನಲ್ಲಿ ಅವಳನ್ನು ಮುಂದುವರಿಸಲಿಲ್ಲ. ಯಾಕೆ ಎಂದು ಯಾರೂ ಬಾಯಿಬಿಟ್ಟು ಕೇಳಲಿಲ್ಲ, ಯಾರೂ ಹೇಳಲೂ ಇಲ್ಲ. ಅವಳ ಟೇಬಲ್ಲಿನ ಮೇಲೆ ಈಗ ಹೊಸಬನೊಬ್ಬ ಹೆಲ್ಮೆಟ್ ಇಡುತ್ತಾನೆ.

ಕಳೆದ ನವೆಂಬರಿನಲ್ಲಿ ಅವಳು ಅವನ ಪಾಠ ಕೇಳಲೆಂದು ಕೊನೆಯ ಬೆಂಚಿನಲ್ಲಿ ಬಂದು ಕೂತಿದ್ದಳು. ಅವನೇ ಕರೆದಿದ್ದ, ಕಲಿತುಕೊಳ್ಳಲಿ ಎಂದು. ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ಇರುವ ಕೂದಲೆಳೆಯ ವ್ಯತ್ಯಾಸಕ್ಕೆ ಇಂಗ್ಲಿಷಿನವರು ಇಟ್ಟ ಹೆಸರನ್ನು ಅವನು ಅಂದೂ ಬೋರ್ಡಿನ ಮೇಲೆ ಬರೆದು, ನ್ಯೂಯೆನ್ಸ್, ನ್ಯೂಯೆನ್ಸ್ ಎಂದು ಎರಡು ಸಲ ಗಟ್ಟಿಯಾಗಿ ಹೇಳಿಸಿದ್ದ. ಪಾಠ ಮುಗಿದ ಮೇಲೆ ವರಾಂಡದಲ್ಲಿ ಅವಳು ಪಕ್ಕಕ್ಕೆ ಬಂದು, ಯಾರಿಗೂ ಕೇಳಿಸದಷ್ಟು ಸಣ್ಣಗೆ, "ಸಾರ್, ತಪ್ಪು ತಿಳ್ಕೋಬೇಡಿ, ಅದು ನ್ಯೂಆನ್ಸ್ ಅಂತ. ಫ್ರೆಂಚ್‌ನಿಂದ ಬಂದಿದ್ದಂತೆ" ಎಂದಿದ್ದಳು. ಅವಳು ನಕ್ಕಿದ್ದರೆ ಸಿಟ್ಟು ಮಾಡಬಹುದಿತ್ತು. ನಾಲ್ಕು ಜನರ ಮುಂದೆ ಹೇಳಿದ್ದರೆ ಸೊಕ್ಕು ಎನ್ನಬಹುದಿತ್ತು. ಅವಳು ಅವನ ಮಾನ ಕಾಪಾಡುವ ಹಾಗೆ ಹೇಳಿದಳು. ತನ್ನ ಮಾನ ಇವಳು ಕಾಪಾಡುವಂಥದ್ದಾಯಿತಲ್ಲ ಎಂಬುದು ಅವನ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಕೂತುಬಿಟ್ಟಿತು. ಮೀನು ತಿನ್ನದ ಮನೆಯವನಾದರೂ ಅವನಿಗೆ ಹೊಳೆದದ್ದು ಅದೇ ಹೋಲಿಕೆ. ಆ ಸಂಜೆ ಮನೆಯಲ್ಲಿ ಮೊಬೈಲಿನಲ್ಲಿ ಆ ಪದವನ್ನು ಒತ್ತಿ ಕೇಳಿದ. ಒಂದು ಹೆಣ್ಣಿನ ದನಿ ನ್ಯೂಆನ್ಸ್ ಎಂದಿತು. ಮತ್ತೆ ಒತ್ತಿದ, ಮತ್ತೆ ಎಂದಿತು. ಅಡುಗೆಮನೆಯಿಂದ ಹೆಂಡತಿ ಉಷಾ, "ಯಾರ್ರೀ ಅದು ಫೋನ್‌ನಾಗೆ?" ಎಂದು ಕೂಗಿದಳು. "ಯಾರೂ ಇಲ್ಲ" ಎಂದ. ಇಪ್ಪತ್ತಾರು ವರ್ಷ, ವರ್ಷಕ್ಕೆ ಎಂಬತ್ತು ತೊಂಬತ್ತು ಹುಡುಗರು. ಜಿಲ್ಲೆಯ ತುಂಬ, ಹಿರಿಯೂರಿನ ಬ್ಯಾಂಕುಗಳಲ್ಲಿ, ಚಿತ್ರದುರ್ಗದ ಕೋರ್ಟಿನಲ್ಲಿ, ತಾನು ಕಲಿಸಿದ ತಪ್ಪನ್ನು ಆಡಿಕೊಂಡು ಓಡಾಡುತ್ತಿರುವ ಜನ. ಆಮೇಲೆ ಅವನು ಆ ಪದವನ್ನು ಆಡುವುದನ್ನೇ ಬಿಟ್ಟ. ಶೇಡ್ಸ್ ಆಫ್ ಮೀನಿಂಗ್ ಎನ್ನತೊಡಗಿದ. ಹಾಗೆ ಅನ್ನುವಾಗಲೆಲ್ಲ ಅವಳು ಎಲ್ಲಾದರೂ ಹತ್ತಿರದಲ್ಲಿ ಇದ್ದಾಳೆಯೇ ಎಂದು ನೋಡಿಕೊಳ್ಳುತ್ತಿದ್ದ.

ಗಂಟೆ ಹೊಡೆಯಿತು. ಅವನು ಹಾಜರಿ ಪುಸ್ತಕವನ್ನು ಎದೆಗೆ ಒತ್ತಿಕೊಂಡು ಹೊರಬಂದಾಗ ಇಬ್ಬರೂ ಎದ್ದು ನಿಂತರು. ತಾಯಿ ಸೀರೆಯ ಹಿಂಬದಿಯ ಮಣ್ಣು ಕೊಡವಿಕೊಂಡಳು.

"ನಮಸ್ಕಾರ ಸಾರ್. ಇವರು ನಮ್ಮಮ್ಮ, ಗಂಗಕ್ಕ ಅಂತ. ಐದು ನಿಮಿಷ ಮಾತಾಡ್ಬೇಕಿತ್ತು" ಎಂದಳು ಅಂಜಲಿ. ಸ್ವಲ್ಪ ಬಡವಾಗಿದ್ದಳು. ಕಣ್ಣ ಕೆಳಗೆ ಕಪ್ಪು.

ಸ್ಟಾಫ್ ರೂಮಿನಲ್ಲಿ ಯಾರೂ ಇರಲಿಲ್ಲ. "ಕುಂತ್ಕಳ್ರಿ" ಎಂದು ಕುರ್ಚಿ ತೋರಿಸಿದ. ಗಂಗಕ್ಕ ಕೂರಲಿಲ್ಲ, ಬಾಗಿಲಿಗೆ ಹತ್ತಿರವಾಗಿ ಗೋಡೆ ಹಿಡಿದು ನಿಂತಳು. ತಾಯಿ ನಿಂತದ್ದರಿಂದ ಮಗಳೂ ಕೂರಲಿಲ್ಲ. ಅವನೊಬ್ಬನೇ ಕೂತ; ಕೂತದ್ದು ತಪ್ಪಾಯಿತೇನೋ ಎನಿಸಿ ಏಳಲು ಹೋದವನು ಈಗ ಎದ್ದರೆ ಅದಕ್ಕೂ ಒಂದು ಅರ್ಥ ಬರುತ್ತದೆ ಎಂದು ಹಾಗೇ ಉಳಿದ. ಅಂಜಲಿ ಪ್ಲಾಸ್ಟಿಕ್ ಕವರಿನಿಂದ ಒಂದು ಹಾಳೆ ತೆಗೆದು ಟೇಬಲ್ಲಿನ ಮೇಲಿಟ್ಟಳು. ಮೊದಲ ಸಾಲು ಓದುವ ಮುನ್ನವೇ ಅವನಿಗೆ ಅದೇನೆಂದು ತಿಳಿಯಿತು. ಕೆಳಗೆ ಅವನ ಸಹಿ ಇತ್ತು, ಎರಡು ಗೀಟು ಎಳೆದು ಚುಕ್ಕಿ ಇಟ್ಟ ಸಹಿ.

"ನನ್ನ ಮಾರ್ಕ್ಸ್ ಕಾರ್ಡ್ ವಾಪಸು ಕೊಡುವಾಗ ಆಫೀಸಿನವರು ಇದನ್ನೂ ಸೇರಿಸಿ ಕೊಟ್ಟುಬಿಟ್ಟಿದ್ರು ಸಾರ್. ನೋಡಿಲ್ಲ ಅವರು."

ಅವನು ಹಾಳೆಯನ್ನು ತನ್ನ ಕಡೆಗೆ ತಿರುಗಿಸಿಕೊಂಡ.

"ನಾನು ಮನೇಲಿ ಹೇಳಿದೆ, ಸಾರ್ ನನ್ನ ಬಗ್ಗೆ ಕೆಟ್ಟದಾಗಿ ಬರೆದಿದಾರೆ, ಅದಕ್ಕೇ ತೆಗೆದ್ರು ಅಂತ. ಅಮ್ಮ ಈ ಹಾಳೆ ತಗೊಂಡು ಹೋಗಿ ಔಷಧಿ ಅಂಗಡಿಯೋರ ಹತ್ರ ಓದಿಸಿದಾಳೆ. ಅವರು, ಏ, ಇದರಾಗೆ ಹೊಗಳಿ ಬರೆದಿದಾರಲ್ಲ ಅಂದ್ರಂತೆ." ಅವಳ ದನಿಯಲ್ಲಿ ಜಗಳವಿರಲಿಲ್ಲ. ಲೆಕ್ಕ ತಪ್ಪಿದ ಹುಡುಗಿ ಮೇಷ್ಟ್ರಿಗೆ ಸ್ಲೇಟು ತೋರಿಸುವಂತಿತ್ತು. "ಈಗ ನಾನೇ ಸುಳ್ಳುಗಾತಿ ಆಗಿದೀನಿ ಸಾರ್. ಮೇಷ್ಟ್ರು ಹೊಗಳಿ ಬರೆದ್ರೂ ಕೆಲಸದಿಂದ ತೆಗೆದ್ರು ಅಂದ್ರೆ ನಾನು ಏನೋ ಮಾಡ್ಕೊಂಡಿದೀನಿ, ಅದನ್ನ ಮುಚ್ಚಿಡ್ತಿದೀನಿ ಅಂತ ಅಪ್ಪ ಮಾತು ಬಿಟ್ಟಿದಾರೆ. ನನಗೆ ಕೆಲಸ ವಾಪಸು ಬೇಡ ಸಾರ್. ಇದು ಒಳ್ಳೇದೋ ಕೆಟ್ಟದ್ದೋ, ಅದನ್ನ ನೀವೇ ಒಂದು ಸಲ ಅಮ್ಮಂಗೆ ಹೇಳಿಬಿಡಿ."

ಗಂಗಕ್ಕ ಗೋಡೆಯಿಂದ ಒಂದು ಹೆಜ್ಜೆ ಮುಂದೆ ಬಂದಳು. "ನಂಗೆ ಓದಾಕೆ ಬರಲ್ಲ ಮೇಷ್ಟ್ರೇ. ಕನ್ನಡಾನೂ ಬರಲ್ಲ. ನೀವು ಬರ್ದೋರು ನೀವೇ ಹೇಳಿಬಿಟ್ರೆ ಒಂದು ತೀರ್ಮಾನ ಆಗ್ತೈತೆ. ಇವಳು ಒಂದಂತಾಳೆ, ಊರೋರು ಒಂದಂತಾರೆ."

ನಾಲ್ಕೇ ವಾಕ್ಯ. ಮಾರ್ಚ್ ತಿಂಗಳಿನ ಒಂದು ಭಾನುವಾರ ಮಧ್ಯಾಹ್ನ, ಉಷಾ ನಿದ್ದೆ ಮಾಡುತ್ತಿದ್ದಾಗ, ಎರಡು ಗಂಟೆ ಕೂತು ಬರೆದಿದ್ದ. ಕುಮಾರಿ ಅಂಜಲಿ ಒಂದು ವರ್ಗದ ವಿದ್ಯಾರ್ಥಿಗಳಲ್ಲಿ ಬಹಳ ಜನಪ್ರಿಯರು. ಅವರ ಹಿನ್ನೆಲೆಯನ್ನು ಗಮನಿಸಿದರೆ ಅವರ ಇಂಗ್ಲಿಷ್ ಆಶ್ಚರ್ಯ ಹುಟ್ಟಿಸುವಷ್ಟು ಚೆನ್ನಾಗಿದೆ. ಅವರು ಆತ್ಮವಿಶ್ವಾಸವುಳ್ಳವರು, ಹಿರಿಯರನ್ನು ತಿದ್ದಲೂ ಹಿಂಜರಿಯುವುದಿಲ್ಲ. ತಕ್ಕ ಮಾರ್ಗದರ್ಶನ ದೊರೆತರೆ ಮುಂದೊಂದು ದಿನ ಸಮರ್ಥ ಅಧ್ಯಾಪಕಿ ಆಗಬಹುದು. ಇಂಗ್ಲಿಷಿನಲ್ಲಿ ಇದು ಇನ್ನೂ ನಯವಾಗಿತ್ತು. ಒಂದು ವರ್ಗ ಎಂಬುದಕ್ಕೆ ಅವನು ಬಳಸಿದ ಮಾತು ಸರ್ಟನ್ ಸೆಕ್ಷನ್. ಹಾಸ್ಟೆಲಿನ ಹುಡುಗ ಹುಡುಗಿಯರು, ಅವಳ ಜನದವರು, ಊಟದ ಬಿಡುವಿನಲ್ಲಿ ಅವಳ ಟೇಬಲ್ಲಿನ ಸುತ್ತ ನಿಂತು ಮಾತಾಡುತ್ತ, ಅವನು ಒಳಬಂದ ತಕ್ಷಣ ಮಾತು ನಿಲ್ಲಿಸುತ್ತಿದ್ದವರು. ಅದನ್ನು ಬರೆಯಬಾರದು; ಬರೆಯದೆ ಓದುವವರಿಗೆ ಗೊತ್ತಾಗಬೇಕು. ಸರ್ಟನ್ ಎಂಬ ಒಂದು ಮಾತು ಆ ಕೆಲಸವನ್ನು ಮಾಡಿತ್ತು.

ಆದರೆ ವರದಿಯನ್ನು ತೆಗೆದುಕೊಂಡು ಹೋಗಿ ಕೊಟ್ಟದ್ದು ಕಾಲೇಜಿನ ಕಾರ್ಯದರ್ಶಿ ಮುರುಗೇಶಪ್ಪನವರಿಗೆ. ಕೊಬ್ಬರಿ ವ್ಯಾಪಾರದವರು, ಇಂಗ್ಲಿಷಿನ ಗೋಜಿಗೆ ಹೋದವರಲ್ಲ. ಮಂಡಿಯಲ್ಲಿ ಚೀಲಗಳ ನಡುವೆ ನಿಂತುಕೊಂಡೇ ಹಾಳೆಯನ್ನು ಮಡಿಸಿ ಜೇಬಿಗೆ ಹಾಕಿಕೊಂಡು, "ಇದೆಲ್ಲ ಇರ್ಲಿ ಮೇಷ್ಟ್ರೇ. ಒಂದೇ ಮಾತ್ನಾಗೆ ಹೇಳ್ರಿ. ಹುಡುಗೀನ ಇಟ್ಕಳ್ಳಾಣೋ, ಬ್ಯಾಡೋ?" ಎಂದು ಕೇಳಿದ್ದರು. ಅವನು, "ನಾನೇನು ಹೇಳಲಿ, ಎಲ್ಲಾ ಬರೆದಿದೀನಲ್ಲ" ಎಂದಿದ್ದ. ಮುರುಗೇಶಪ್ಪ ಅವನ ಮುಖವನ್ನು ಒಂದು ಗಳಿಗೆ ನೋಡಿದರು. ತೂಕ ಮಾಡುವ ಮೊದಲು ಕಾಯಿಯನ್ನು ಕಿವಿಯ ಹತ್ತಿರ ಅಲುಗಾಡಿಸಿ ನೋಡುವವರು ಅವರು. "ಆತು ಬಿಡ್ರಿ, ಗೊತ್ತಾತು" ಎಂದರು. ಅಷ್ಟಕ್ಕೆ ಎಲ್ಲ ಮುಗಿದಿತ್ತು; ಹಾಳೆ ಆಮೇಲೆ ಆಫೀಸಿನ ಫೈಲಿಗೆ ಸೇರಿತ್ತು. ಆ ನಾಲ್ಕು ವಾಕ್ಯಗಳನ್ನು ಬಹುಶಃ ಇಡೀ ಆಡಳಿತ ಮಂಡಳಿಯಲ್ಲಿ ಯಾರೂ ಓದಲೇ ಇಲ್ಲ. ಅವುಗಳ ಒಳಗಿನದನ್ನೆಲ್ಲ ಕಂಡವಳು ಒಬ್ಬಳೇ, ಈಗ ಟೇಬಲ್ಲಿನ ಆಚೆ ನಿಂತಿದ್ದಳು.

"ಹೇಳ್ರಿ ಮೇಷ್ಟ್ರೇ."

ಅವನು ಕನ್ನಡಕ ಹಾಕಿಕೊಂಡ. ಒಂದು ವರ್ಗದ ಎಂಬ ಮಾತು ನಾಲಿಗೆಯ ತುದಿಗೆ ಬಂತು. ವರ್ಗ ಎಂದರೆ ಈ ಹೆಂಗಸಿಗೆ ಅರ್ಥವಾಗದೆ ಇರುವುದಿಲ್ಲ. ರೇಷನ್ ಕಾರ್ಡು, ಶಾಲೆಯ ಫಾರ್ಮು, ತಾಲ್ಲೂಕು ಕಚೇರಿ, ಎಲ್ಲಿಗೆ ಹೋದರೂ ಅವಳನ್ನು ಮೊದಲು ಕೇಳುವ ಪ್ರಶ್ನೆಯೇ ಅದು. ಅವನು ಅದನ್ನು ನುಂಗಿಕೊಂಡ.

"ಕೆಲವು... ಕೆಲವು ವಿದ್ಯಾರ್ಥಿಗಳಿಗೆ ಅಂಜಲಿ ಮೇಡಂ ಅಂದ್ರೆ ಬಹಳ ಇಷ್ಟ ಅಂತ ಬರೆದಿದೀನಿ."

ಹೇಳಿದ ಕ್ಷಣವೇ ಅದು ಬೇರೆ ಏನೋ ಆಯಿತು. ಗಂಗಕ್ಕನ ಮುಖ ಬಿಗಿಯಿತು. "ಕೆಲವು ಅಂದ್ರೆ? ಹುಡುಗ್ರಿಗಾ?"

ಇಲ್ಲ ಎನ್ನಬೇಕಿತ್ತು. ಹುಡುಗರು ಎಂಬ ಅರ್ಥ ಅವನ ಮನಸ್ಸಿನಲ್ಲಿ ಎಂದೂ ಸುಳಿದದ್ದೇ ಅಲ್ಲ; ಆ ವಿಷಯದಲ್ಲಿ ಅವಳ ಮೇಲೆ ಯಾರೂ ಬೆರಳು ತೋರಿಸುವ ಹಾಗಿರಲಿಲ್ಲ. ಆದರೆ ಇಲ್ಲ ಎಂದರೆ ಮತ್ತೆ ಯಾರಿಗೆ ಎಂದು ಕೇಳುತ್ತಾಳೆ. ಯಾರಿಗೆ ಎಂದು ಹೇಳಬೇಕಾಗುತ್ತದೆ. ಹಾಗೆ ಹೇಳಿದರೆ ತಾನು ಎಂಥವನು ಎಂಬುದು ಈ ರೂಮಿನಲ್ಲಿ ಈ ಹೆಂಗಸಿನ ಮುಂದೆ ಅಚ್ಚ ಕನ್ನಡದಲ್ಲಿ ಹೊರಬೀಳುತ್ತದೆ. ಅವನು ಕನ್ನಡಕ ತೆಗೆದು ಒರೆಸಿದ. ಕಿಟಕಿಯ ಬಾಗಿಲು ಎರಡು ಸಲ ಬಡಿದುಕೊಂಡಿತು. ಆ ಹೊತ್ತೆಲ್ಲ ಅಂಜಲಿ ಅವನನ್ನೇ ನೋಡುತ್ತಿದ್ದಳು, ಮೊದಲು ನಂಬಿಕೆಯಿಂದ, ಆಮೇಲೆ ನಂಬಲಾಗದೆ.

"ವಿದ್ಯಾರ್ಥಿಗಳು ಅಂದ್ರೆ... ಎಲ್ಲಾ ಇರ್ತಾರೆ. ಹುಡುಗರೂ ಇರ್ತಾರೆ."

"ಸಾರ್" ಎಂದಳು ಅಂಜಲಿ.

ಅವನು ಕಿವಿಗೆ ಬೀಳದವನಂತೆ ಮುಂದಿನ ಸಾಲಿಗೆ ಹೋದ. "ಆಮೇಲೆ, ನಿಮ್ಮ ಮಗಳ ಹಿನ್ನೆಲೆ ನೋಡಿದ್ರೆ, ಅವಳ ಇಂಗ್ಲಿಷ್ ತುಂಬಾ ಚೆನ್ನಾಗೈತೆ ಅಂತ."

"ಹಿನ್ನೆಲೆ ಅಂದ್ರೆ ನಾವಾ ಮೇಷ್ಟ್ರೇ?"

ಅವಳು ಕೊಂಕಿಗೆ ಕೇಳಿದ್ದಲ್ಲ. ನಿಜವಾಗಿಯೇ ತಿಳಿದುಕೊಳ್ಳಲು ಕೇಳಿದ್ದಳು. ಇಪ್ಪತ್ತಾರು ವರ್ಷದ ಪಾಠದಲ್ಲಿ ಯಾವ ವಿದ್ಯಾರ್ಥಿಯೂ ಒಂದು ಪದದ ಅರ್ಥವನ್ನು ಇಷ್ಟು ನೇರವಾಗಿ ಹಿಡಿದಿರಲಿಲ್ಲ. "ಹೌದು, ಅಂದ್ರೆ ಮನೆ, ಊರು, ಕಷ್ಟಪಟ್ಟು ಓದಿಸಿದ್ದು, ಅದೆಲ್ಲ" ಎಂದ. "ಹಿರಿಯರ ಹತ್ರ ಧೈರ್ಯವಾಗಿ ಮಾತಾಡ್ತಾಳೆ ಅಂತ ಬರೆದಿದೀನಿ. ಮುಂದೆ ಒಳ್ಳೆ ಟೀಚರ್ ಆಗ್ತಾಳೆ ಅಂತ ಬರೆದಿದೀನಿ."

"ಅಂಗಾರೆ ಕೆಟ್ಟದ್ದು ಬರೆದಿಲ್ಲ ನೀವು?"

ಟೇಬಲ್ಲಿನ ಮೇಲಿನ ಹಾಳೆಯಲ್ಲಿ ಕೆಟ್ಟ ಮಾತು ಒಂದೂ ಇರಲಿಲ್ಲ. ಯಾವ ನಿಘಂಟನ್ನು ತಂದು ನೋಡಿದರೂ ಇರಲಿಲ್ಲ.

"ಕೆಟ್ಟದ್ದು ಬರೆದಿಲ್ಲ" ಎಂದ.

ಗಂಗಕ್ಕ ಎರಡೂ ಕೈ ಮುಗಿದಳು. ಅದು ಅವನು ತಿರುಗಿಸಿ ಕೊಡಲಾಗದಂಥ ನಮಸ್ಕಾರ. "ದೊಡ್ಡ ಮನ್ಸು ನಿಮ್ದು. ಇಂಥ ಮಾತು ಬರೆದೋರ ಮ್ಯಾಲೆ ತಪ್ಪು ಹೊರಿಸ್ತಾಳಲ್ಲ ಇವಳು" ಎಂದು ಮಗಳ ಕಡೆ ತಿರುಗಿದಳು. ಅಂಜಲಿ ಏನಾದರೂ ಹೇಳುತ್ತಾಳೆ ಎಂದು ಅವನು ಕಾದ. ಈ ಪದಕ್ಕೆ ಇಂಥ ಒಳ ಅರ್ಥವಿದೆ, ಆ ಪದಕ್ಕೆ ಇಂಥದ್ದು, ಎಂದು ಬಿಡಿಸಿ ಹೇಳಬಲ್ಲವಳು ಅವಳೊಬ್ಬಳೇ. ಅವನಿಗಿಂತ ಚೆನ್ನಾಗಿ ಹೇಳಬಲ್ಲವಳು. ಅವಳು ಹಾಳೆಯನ್ನು ತೆಗೆದುಕೊಂಡು ಮೊದಲಿದ್ದ ಮಡಿಕೆಗಳಲ್ಲೇ ಮಡಿಸಿ ಕವರಿಗೆ ಹಾಕಿದಳು. "ಬರ್ತೀನಿ ಸಾರ್" ಎಂದಳು. ಯಾವಾಗಲೂ ಹೇಳುವಂತೆಯೇ ಹೇಳಿದಳು. ಅವನು ಆ ಎರಡು ಪದಗಳಲ್ಲಿ ತಿರಸ್ಕಾರವನ್ನು ಹುಡುಕಿದ, ಸಿಟ್ಟನ್ನು ಹುಡುಕಿದ, ಏನೂ ಸಿಗಲಿಲ್ಲ.

ಅವರು ಹೋದ ಮೇಲೆ ಅವನು ವರಾಂಡಕ್ಕೆ ಬಂದು ಕಂಬದ ಮರೆಯಲ್ಲಿ ನಿಂತ. ಗೇಟಿನ ಹತ್ತಿರ ಗಂಗಕ್ಕ ಏನೋ ಕೇಳಿದಳು, ಮಗಳು ಇಲ್ಲವೆಂದು ತಲೆಯಾಡಿಸಿದಳು. ಮತ್ತೆ ಕೇಳಿದಳು. ಆಮೇಲೆ ಕೈ ಎತ್ತಿ ಹೊಡೆದಳು. ಒಂದು ಕೆನ್ನೆಗೆ, ಒಂದು ಬೆನ್ನಿಗೆ. ಬೆನ್ನಿನ ಏಟಿನ ಸದ್ದು ಇಷ್ಟು ದೂರಕ್ಕೂ ಬಂದ ಹಾಗಾಯಿತು. ಗೇಟಿನ ಆಚೆ ನಿಂತಿದ್ದ ಆಟೋದವರು ತಿರುಗಿ ನೋಡಿದರು, ಮೂರನೇ ಪೀರಿಯಡ್ಡಿಗೆ ತಡವಾಗಿ ಬರುತ್ತಿದ್ದ ಹುಡುಗರು ನಿಂತರು. ಅದರಲ್ಲಿ ಇಬ್ಬರು ಅವಳ ಪಾಠ ಕೇಳಿದವರು. ಅಂಜಲಿ ಕೆಳಗೆ ಬಿದ್ದ ತಾಯಿಯ ಚೀಲವನ್ನು ಎತ್ತಿ ಧೂಳು ಕೊಡವಿ ಕೈಗೆ ಕೊಟ್ಟಳು. ಇಬ್ಬರೂ ಬಸ್ ಸ್ಟ್ಯಾಂಡಿನ ಕಡೆ ನಡೆದರು, ತಾಯಿ ಮುಂದೆ, ಮಗಳು ನಾಲ್ಕು ಮಾರು ಹಿಂದೆ.

ಅವನಿಗೆ ಮೂರನೇ ಪೀರಿಯಡ್ ಇತ್ತು. ಅವನು ಕ್ಲಾಸಿನ ಬಾಗಿಲ ತನಕ ಹೋದ. ಹುಡುಗರು ಎದ್ದು ನಿಂತು, "ಗುಡ್ ಮಾರ್ನಿಂಗ್ ಸಾರ್" ಎಂದು ರಾಗ ಎಳೆದರು. ಅವರಲ್ಲಿ ಯಾರು ಗೇಟಿನ ಹತ್ತಿರ ನಿಂತು ನೋಡಿದವರು, ಯಾರು ಈಗಲೇ ಮೊಬೈಲಿನಲ್ಲಿ ಇನ್ನೊಬ್ಬರಿಗೆ ತಿಳಿಸುತ್ತಿರುವವರು ಎಂದು ಮುಖಗಳ ಮೇಲೆ ಕಣ್ಣಾಡಿಸಿದ. ಸಂಜೆಯೊಳಗೆ ಮಾತು ಹೊಸದುರ್ಗ ದಾಟಿ ರಾಮಗಿರಿಗೆ ಹೋಗುತ್ತದೆ. ಅಂಜಲಿ ಮೇಡಮ್ಮಿಗೆ ಅವರಮ್ಮನೇ ಹೊಡೆದರಂತೆ, ರೇವಣಸಿದ್ದಪ್ಪ ಸಾರ್ ಎಲ್ಲಾ ಹೇಳಿದರಂತೆ. ಎಲ್ಲಾ ಎಂದರೆ ಏನು ಎಂದು ಯಾರೂ ಕೇಳುವುದಿಲ್ಲ. ಕೇಳದೆ ಇರುವುದರಿಂದಲೇ ಅದು ಬೆಳೆಯುತ್ತದೆ. "ನೀವೇ ಓದ್ಕೊಳ್ಳಿ" ಎಂದು ಹೇಳಿ ಅವನು ಬಸ್ ಸ್ಟ್ಯಾಂಡಿನ ಕಡೆ ಹೊರಟುಬಿಟ್ಟ. ಚಪ್ಪಲಿಯ ಒಳಗೆ ಒಂದು ಹರಳು ಸೇರಿಕೊಂಡಿತ್ತು, ನಿಂತು ತೆಗೆಯಲಿಲ್ಲ. ಪೋಸ್ಟ್ ಆಫೀಸಿನ ಮುಂದೆ ಹಳೆಯ ವಿದ್ಯಾರ್ಥಿಯೊಬ್ಬ ಬೈಕು ನಿಧಾನ ಮಾಡಿ, "ಎಲ್ಲಿಗೆ ಸಾರ್, ಹತ್ರಿ, ಬಿಡ್ತೀನಿ" ಎಂದ. "ಇಲ್ಲಪ್ಪ, ಹಿಂಗೇ" ಎಂದ. ಬಿಸಿಲು, ಗಾಳಿ, ಗಾಳಿಯಲ್ಲಿ ತೆಂಗಿನ ನಾರಿನ ಪುಡಿ. ಐವತ್ತೆರಡು ವರ್ಷದ ಇಂಗ್ಲಿಷ್ ಮೇಷ್ಟ್ರು ಹನ್ನೊಂದು ಗಂಟೆಯ ಹೊತ್ತಿನಲ್ಲಿ ರಸ್ತೆಯಲ್ಲಿ ಓಡುತ್ತಿದ್ದಾರೆ ಎಂದು ಜನ ನೋಡುತ್ತಿದ್ದರು. ಅವನಿಗೆ ಹೇಳಬೇಕಾದ ಮಾತು ಸಿದ್ಧವಾಗಿತ್ತು. ನಾನು ಬರೆದದ್ದು ಸುಳ್ಳು. ಅಷ್ಟೇ, ಮೂರು ಪದ. ಓಡುತ್ತ ಓಡುತ್ತ ಅದನ್ನು ತುಟಿಯಲ್ಲೇ ಹೇಳಿಕೊಂಡ. ಸುಳ್ಳು ಎಂಬುದು ಸರಿಯಾದ ಪದವೇ? ಅದರಲ್ಲಿ ಇದ್ದ ಮಾತೆಲ್ಲ ನಿಜವೇ ಅಲ್ಲವೇ? ಹೀಗೆ ಯೋಚಿಸುತ್ತಿರುವಾಗಲೇ ಬಸ್ ಸ್ಟ್ಯಾಂಡು ಬಂತು.

ರಾಮಗಿರಿ ಕಡೆಯ ಬಸ್ಸು ನಿಂತಿತ್ತು. ಮೇಲೆ ಕಾಯಿ ಚೀಲ ಏರಿಸುತ್ತಿದ್ದರು. ಗಂಗಕ್ಕ ಕಿಟಕಿಯ ಪಕ್ಕ ಕೂತಿದ್ದಳು, ಅಂಜಲಿ ಅವಳ ಆಚೆ. ಅವನು ಕಿಟಕಿಯ ಕೆಳಗೆ ನಿಂತು ತಲೆ ಎತ್ತಿದ. ಏದುಸಿರಿಗೆ ಮೊದಲು ಮಾತೇ ಹೊರಡಲಿಲ್ಲ.

"ಗಂಗಕ್ಕ, ನಿಮ್ಮ ಮಗಳು ಹೇಳಿದ್ದೇ ಸರಿ."

ಗಂಗಕ್ಕ ಕೆಳಗೆ ನೋಡಿದಳು. ಅಳುತ್ತಿದ್ದಳೆಂದು ಅವನಿಗೆ ಆಗ ಗೊತ್ತಾಯಿತು.

"ಏನು ಸರಿ ಮೇಷ್ಟ್ರೇ?"

"ನಾನು ಬರೆದಿದ್ದು... ಅದು ಹೊಗಳಿಕೆ ಅಲ್ಲ. ಹೊಗಳಿಕೆ ಥರ ಕಾಣ್ತೈತೆ, ಅಷ್ಟೆ. ಅವಳು ಏನೂ ಮಾಡಿಲ್ಲ. ಹುಡುಗರ ವಿಷಯ ಎಲ್ಲ ಏನೂ ಇಲ್ಲ."

"ಮತ್ತೆ ಆಗ್ಲೇ ಯಾಕೆ ಹೇಳ್ಲಿಲ್ಲ?" ಎಂದಳು. ದನಿ ಏರಲಿಲ್ಲ. ಹಿಂದಿನ ಸೀಟಿನವರು ಮುಂದೆ ಬಾಗಿದರು. "ನಾನು ಅವಳ ಮ್ಯಾಲೆ ಕೈ ಮಾಡಿದೆ ಮೇಷ್ಟ್ರೇ. ರೋಡ್ನಾಗೆ. ಇಷ್ಟು ವರ್ಷಕ್ಕೆ ಒಂದಿನ ಕೈ ಮಾಡಿದೋಳಲ್ಲ."

ಅಂಜಲಿ ಎದುರಿನ ಸೀಟಿನ ಕಂಬಿಯನ್ನು ನೋಡುತ್ತ ಕೂತಿದ್ದಳು. ಅವಳ ಎಡಗೆನ್ನೆ ಕೆಂಪಾಗಿತ್ತು.

"ಬಾಯ್ನಾಗೆ ಹೇಳಿದ್ರೆ ನಾನು ನಂಬ್ತೀನಿ. ಇವರಪ್ಪ ನಂಬಲ್ಲ" ಎಂದಳು ಗಂಗಕ್ಕ. ಮಗಳ ಕೈಯಿಂದ ಕವರನ್ನು ಕಿತ್ತುಕೊಂಡು ಹಾಳೆಯನ್ನು ಹೊರತೆಗೆದು ಕಿಟಕಿಯಿಂದ ಕೆಳಗೆ ಚಾಚಿದಳು. "ಇದ್ರ ಹಿಂದ್ಗಡೆ ಬರ್ದು ಕೊಡ್ರಿ. ಕನ್ನಡದಾಗೆ."

ಡ್ರೈವರು ಬಂದು ಕೂತ. ಬಸ್ಸು ನಡುಗತೊಡಗಿತು. ಅವನು ಹಾಳೆಯನ್ನು ಬಸ್ಸಿನ ಮೈಗೇ ಒತ್ತಿ ಹಿಡಿದು ಪೆನ್ನು ತೆಗೆದ. ನಾನು ಎಂದು ಬರೆದ. ಇಷ್ಟು ಜನ ನೋಡುತ್ತಿದ್ದಾರೆ. ನಾಳೆ ಈ ಹಾಳೆ ಎಲ್ಲಿಗೆ ಹೋಗುತ್ತದೋ. ಯಾವ ಸಂಘದವರ ಕೈಗೋ, ಪತ್ರಿಕೆಯವರ ಕೈಗೋ, ಮುರುಗೇಶಪ್ಪನವರ ಜೇಬಿಗೋ. ನಿವೃತ್ತಿಗೆ ಇನ್ನೂ ಎಂಟು ವರ್ಷ. ಅವನ ಕೈ ನಿಂತದ್ದು ಕ್ಷಣ ಮಾತ್ರ. ಆಮೇಲೆ ಅದು ತಾನೇ ತಾನಾಗಿ ಓಡಿತು, ಅಳಿಸದೆ, ತಿದ್ದದೆ. ನಾನು ಕುಮಾರಿ ಅಂಜಲಿಯವರ ಕುರಿತು ನೀಡಿದ ವರದಿಯ ಯಾವುದೇ ಮಾತು ಅಪಾರ್ಥಕ್ಕೆ ಎಡೆಮಾಡಿಕೊಟ್ಟಿದ್ದಲ್ಲಿ ಅದಕ್ಕಾಗಿ ವಿಷಾದಿಸುತ್ತೇನೆ. ಸಹಿ ಮಾಡಿದ. ತಾರೀಖು ಹಾಕಿದ. ಮೇಲಕ್ಕೆ ಕೊಟ್ಟ.

ಗಂಗಕ್ಕ ಅದನ್ನು ಮಗಳ ಮುಂದೆ ಹಿಡಿದಳು. "ಓದು."

ಅಂಜಲಿ ಓದಿದಳು. ಮೊದಲು ಮನಸ್ಸಿನಲ್ಲೇ ಓದಿಕೊಂಡಳು. ಅವಳ ಕಣ್ಣು ಸಾಲಿನ ಕೊನೆಗೆ ಹೋಗಿ ಮತ್ತೆ ಮೊದಲಿಗೆ ಬಂದದ್ದನ್ನು ಅವನು ನೋಡಿದ. ಒಂದು ಮಾತಿನಲ್ಲಿ ಇರುವುದೆಷ್ಟು, ಇಲ್ಲದಿರುವುದೆಷ್ಟು ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವಳು ತಲೆ ಎತ್ತಿ, ಹಾಳೆಯನ್ನು ನೋಡದೆ, ಕಿಟಕಿಯ ಕೆಳಗೆ ನಿಂತಿದ್ದ ಅವನ ಮುಖವನ್ನೇ ನೋಡುತ್ತ ತಾಯಿಗೆ ಓದಿ ಹೇಳಿದಳು.

"ನಾನು ಬರೆದದ್ದು ಸುಳ್ಳು ಅಂತ ಬರೆದಿದಾರಮ್ಮ. ಹುಡುಗಿ ಏನೂ ತಪ್ಪು ಮಾಡಿಲ್ಲ, ತಪ್ಪೆಲ್ಲ ನಂದೇ ಅಂತ."

"ಹೌದೇನ್ರಿ ಮೇಷ್ಟ್ರೇ? ಹಂಗೇ ಬರೆದೀರಾ?"

"ಹೌದು" ಎಂದ ರೇವಣಸಿದ್ದಪ್ಪ.

ಗಂಗಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. ಮಗಳ ಕೆನ್ನೆಯನ್ನು ಹಿಂಗೈಯಿಂದ ಒಮ್ಮೆ ಮುಟ್ಟಿದಳು. ಹಾಳೆಯನ್ನು ಸಣ್ಣಗೆ ಮಡಿಸಿ ಸೆರಗಿನ ತುದಿಗೆ ಗಂಟು ಹಾಕತೊಡಗಿದಳು.

"ಕೊಡಮ್ಮ, ನನ್ನ ಹತ್ರ ಇರ್ಲಿ" ಎಂದಳು ಅಂಜಲಿ.

"ಬ್ಯಾಡ. ನಂತಾವೇ ಇರ್ಲಿ. ನಿಮ್ಮಪ್ಪನ ಕೈಗೇ ಕೊಡ್ತೀನಿ, ಅವ್ರೇ ಓದ್ಕಳ್ಳಿ" ಎಂದು, ಕೆಳಗೆ ನಿಂತಿದ್ದವನಿಗೆ ಒಳ್ಳೆಯ ಸುದ್ದಿ ಹೇಳುವಂತೆ ಹೇಳಿದಳು. "ಇವರಪ್ಪಂಗೆ ಕನ್ನಡ ಓದಾಕೆ ಬರ್ತೈತೆ ಮೇಷ್ಟ್ರೇ. ನಾಲ್ಕನೇ ಕ್ಲಾಸ್ ಆಗೈತೆ ಅವರಿಗೆ. ಒಂದೊಂದೇ ಅಕ್ಷರ ಕೂಡಿಸ್ಕಂಡು ನಿಧಾನಕ್ಕೆ ಓದ್ತಾರೆ."

ಅಂಜಲಿ ಅವನನ್ನು ನೋಡಿದಳು. ಈಗಲೂ ಹೊತ್ತಿತ್ತು. ಕೈ ಚಾಚಿ ಹಾಳೆಯನ್ನು ವಾಪಸು ಕೇಳಬಹುದಿತ್ತು, ಅವಳು ಈಗಷ್ಟೇ ಓದಿ ಹೇಳಿದ ಮಾತನ್ನೇ ಅದರ ಕೆಳಗೆ ಬರೆಯಬಹುದಿತ್ತು. ಅವಳು ಉಕ್ತಲೇಖನ ಕೊಡುವ ಹಾಗೆ ಹೇಳಿದ್ದಳು, ಬರೆದುಕೊಳ್ಳಲು ಅನುಕೂಲವಾಗುವಂತೆ. ಪೆನ್ನು ಇನ್ನೂ ಅವನ ಬೆರಳುಗಳ ನಡುವೆಯೇ ಇತ್ತು. ಕಂಡಕ್ಟರು ಸೀಟಿ ಊದಿದ. ಬಸ್ಸು ಒಮ್ಮೆ ಹಿಂದಕ್ಕೆ ಬಂದು, ತಿರುಗಿ, ಧೂಳೆಬ್ಬಿಸಿ ಹೊರಟಿತು. ಗಂಗಕ್ಕ ಕಿಟಕಿಯಿಂದ ಕೈ ಮುಗಿದಳು. ಅವನೂ ಕೈ ಮುಗಿದ, ಪೆನ್ನು ಹಿಡಿದುಕೊಂಡೇ.

ಬಸ್ಸು ಹೋದ ಮೇಲೂ ಅವನು ಅಲ್ಲೇ ನಿಂತಿದ್ದ. ಕಾಯಿ ಚೀಲದವರು, "ಸ್ವಲ್ಪ ಜರುಗ್ರಿ ಸಾರ್" ಎಂದರು, ಜರುಗಿದ. ಇನ್ನು ಒಂದು ಗಂಟೆಯಲ್ಲಿ ರಾಮಗಿರಿಯ ಒಂದು ಮನೆಯ ಹೊಸಿಲಿನಲ್ಲಿ ಒಬ್ಬ ಮನುಷ್ಯ ಆ ಹಾಳೆಯನ್ನು ಬೆಳಕಿಗೆ ಹಿಡಿದು, ಅಕ್ಷರ ಕೂಡಿಸಿಕೊಂಡು, ಅಪಾರ್ಥ ಎಂಬಲ್ಲಿ ತಡವರಿಸುತ್ತಾನೆ. ಎಡೆಮಾಡಿಕೊಟ್ಟಿದ್ದಲ್ಲಿ ಎಂಬಲ್ಲಿ ನಿಲ್ಲುತ್ತಾನೆ. ಸುಳ್ಳು ಎಲ್ಲಿದೆ, ತಪ್ಪು ನಂದೇ ಎಲ್ಲಿದೆ ಎಂದು ಹುಡುಕಿ, ತಲೆ ಎತ್ತಿ ಮಗಳನ್ನು ನೋಡುತ್ತಾನೆ. ಆಗ ಎರಡನೇ ಸಲ ಸುಳ್ಳುಗಾತಿಯಾಗುವವಳು ಅವಳೇ. ಅವನು ಆ ವಾಕ್ಯವನ್ನು ಮನಸ್ಸಿನಲ್ಲಿ ಮತ್ತೆ ಓದಿದ, ಎಲ್ಲಾದರೂ ಒಂದು ಬಿರುಕು, ನಿಜ ತೂರಿಕೊಳ್ಳುವಷ್ಟು ಒಂದು ಸಂದು, ತನಗೆ ತಿಳಿಯದಂತೆ ಉಳಿದಿರಬಹುದೇ ಎಂದು. ಮೊದಲಿನಿಂದ ಕೊನೆಯ ತನಕ ನೋಡಿದ. ಒಂದು ಅಕ್ಷರ ತೆಗೆಯುವ ಹಾಗಿರಲಿಲ್ಲ, ಒಂದು ಅಕ್ಷರ ಸೇರಿಸುವ ಹಾಗಿರಲಿಲ್ಲ. ನಿಂತ ನಿಲುವಿನಲ್ಲಿ, ಬಸ್ಸಿನ ತಗಡಿನ ಮೇಲೆ ಒತ್ತಿಕೊಂಡು ಬರೆದದ್ದಾದರೂ ಎಷ್ಟು ಚೆನ್ನಾಗಿ ಬಂದಿದೆ ಎನಿಸಿತು.

ಹಾಗೆ ಅನಿಸಿದ್ದು ತನಗೇ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.